ಮಿರಜಿಗೆ ಹಾಡು ಕೇಳಲು ಹೋಗುವವರಿಗೆ

ನಮ್ಮ ಸೀಮೆಯಲ್ಲಿ ಯಾರಾದರೂ ಮಿರಜಿಗೆ ಹೋಗಿದ್ದಾರೆ ಎಂದರೆ ಎದುರಿಗಿದ್ದವರ ಬಾಯಿಂದ ಮೊದಲು ಬರುವ ಮಾತು, ‘ಯಾರಿಗೆ ಏನಾಯಿತು?’ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ಇತ್ತ ಜತ್ತ, ಎಲ್ಲ ಕಡೆಯ ಮನೆಗಳಿಗೂ ಮಹಾರಾಷ್ಟ್ರದ ಮಿರಜ ಎಂದರೆ ದವಾಖಾನೆ. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ವೈದ್ಯರು ಇಲ್ಲಿ ಮಿಷನ್ ಆಸ್ಪತ್ರೆ ತೆರೆದ ಮೇಲೆ ಊರಿಗೆ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿದೆ. ನಾನು ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಯವನು. ನಾನೂ ಮೊದಲ ಸಲ ಮಿರಜಿಗೆ ಬಂದದ್ದು ಅಪ್ಪನ ಶಸ್ತ್ರಚಿಕಿತ್ಸೆಗೆ. ಹನ್ನೊಂದು ದಿನ ಇದ್ದೆವು. ಐದನೆಯ ದಿನವೋ ಆರನೆಯ ದಿನವೋ ಸಂಜೆ ಫ್ಲಾಸ್ಕ್ ಹಿಡಿದು ಚಹಾ ತರಲು ಹೊರಟವನು ಗೊತ್ತಿಲ್ಲದ ಗಲ್ಲಿಯೊಂದಕ್ಕೆ ತಿರುಗಿದೆ. ಕಟ್ಟೆಯ ಮೇಲೆ ಕುಳಿತ ಮುದುಕರೊಬ್ಬರು ತಂಬೂರಿ ಮೀಟುತ್ತಿದ್ದರು. ಅವರ ಹಿಂದೆ ಗೋಡೆಯ ತುಂಬ ಒಣಗಿದ ಸೋರೆ ಬುರುಡೆಗಳು ತೂಗುತ್ತಿದ್ದವು. ಚಹಾ ಆರಿಹೋಗುವಷ್ಟು ಹೊತ್ತು ನಿಂತುಬಿಟ್ಟೆ. ಈಗ ಈ ಊರಿನಲ್ಲೇ ನೆಲೆಸಿ ಇಪ್ಪತ್ತು ವರ್ಷ ದಾಟಿದೆ.

ಈ ಬರಹಕ್ಕೆ ಕಾರಣ ನನ್ನ ಅಕ್ಕನ ಮಗ. ಅವನು ಅಮೆರಿಕದ ನ್ಯೂ ಆರ್ಲಿಯನ್ಸಿಗೆ ಹೋಗಿ ಬಂದ. ಅಲ್ಲಿಯ ಟ್ರೆಮೆ ಎಂಬ ಹಳೆಯ ಓಣಿಯಲ್ಲಿ ಓಡಾಡಿ, ಗಂಬೋ ಎಂಬ ಗಟ್ಟಿ ಸಾರು ಉಂಡು, ರಾತ್ರಿ ಜಾಝ್ ಕೇಳಿದ್ದನ್ನು ವಾರಗಟ್ಟಲೆ ಹೇಳಿದ. 1901ರಲ್ಲಿ ಆ ಊರಿನಲ್ಲಿ ಹುಟ್ಟಿದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹೆಸರಿನ ಉದ್ಯಾನ, ಅದರೊಳಗಿನ ಕಾಂಗೋ ಚೌಕ, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದ. ‘ಮಾಮಾ, ಅಲ್ಲಿ ಒಂದೇ ಹಾಡನ್ನು ಒಬ್ಬರು ಎರಡು ರಾತ್ರಿ ಒಂದೇ ತರಹ ನುಡಿಸುವುದಿಲ್ಲ’ ಎಂದ. ನನಗೆ ಖುಷಿಯಾಯಿತು, ಜೊತೆಗೆ ಸಂಕಟವೂ ಆಯಿತು. ನಮ್ಮ ಹಿಂದುಸ್ತಾನಿ ಸಂಗೀತದ ಖಯಾಲ್ ಗಾಯನವೂ ಹಾಗೆಯೇ ಅಲ್ಲವೇ? ಆ ರಾತ್ರಿಯ ಹಾಡು ಆ ರಾತ್ರಿಯೇ ಹುಟ್ಟಬೇಕು. ಅವನ ಅಜ್ಜಿಯ ಊರಿನಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿಯಲ್ಲಿ ಅಂಥದೇ ಓಣಿ ಇದೆ, ಅಂಥದೇ ರಾತ್ರಿಗಳಿವೆ. ಅವನು ಮಾತ್ರ ಮಿರಜನ್ನು ಕಂಡದ್ದು ಆಸ್ಪತ್ರೆಯ ಕಿಟಕಿಯಿಂದ. ಅವನಿಗಾಗಿ ಬರೆದಿಟ್ಟ ಟಿಪ್ಪಣಿಗಳನ್ನೇ ಹಿಗ್ಗಿಸಿ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಮಿರಜಿನಲ್ಲಿ ಪ್ರತಿ ರಾತ್ರಿ ಟಿಕೆಟ್ ಕೊಟ್ಟು ಹೋಗಿ ಕೂರುವಂಥ ಕಛೇರಿ ಇರುವುದಿಲ್ಲ. ಇಲ್ಲಿಯ ದೊಡ್ಡ ಬೈಠಕ್ ಖ್ವಾಜಾ ಶಂಸುದ್ದೀನ್ ಮೀರಾಸಾಹೇಬರ ದರ್ಗಾದ ಉರುಸಿನ ಸಮಯದಲ್ಲಿ ನಡೆಯುತ್ತದೆ. ಕಿರಾನಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಉಸ್ತಾದ್ ಅಬ್ದುಲ್ ಕರೀಂ ಖಾನರ ನೆನಪಿನ ಸಂಗೀತ ಸಭೆ ಅದು. ದರ್ಗಾದ ಅಂಗಳದಲ್ಲಿ, ಹುಣಸೆ ಮರದ ಆಸರೆಯಲ್ಲಿ ನಡೆಯುವ ಸಭೆ ಎಂದೇ ಅದಕ್ಕೆ ಹೆಸರು. ಪ್ರವೇಶಕ್ಕೆ ಹಣವಿಲ್ಲ. ಹಾಡುವವರು ಅದನ್ನು ಕಛೇರಿ ಎನ್ನುವುದಿಲ್ಲ, ಹಾಜರಿ ಎನ್ನುತ್ತಾರೆ; ಖಾನ್ ಸಾಹೇಬರ ಗೋರಿಯ ಮುಂದೆ ಹೋಗಿ ಹಾಜರಿ ಹಾಕುವುದು.

ಉರುಸು ಹಿಜರಿ ತಿಂಗಳಿನ ಲೆಕ್ಕದಲ್ಲಿ ಬರುವುದರಿಂದ ನಮ್ಮ ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಹಿಂದಿನ ವರ್ಷದ ತಾರೀಖು ನೋಡಿ ರೈಲಿನ ಟಿಕೆಟ್ ಕಾದಿರಿಸಬೇಡಿ. ಧಾರವಾಡದ ಗೆಳೆಯರೊಬ್ಬರು ನನ್ನ ಮಾತು ನಂಬಿ ಹಾಗೆ ಬಂದು, ಕಂಬಗಳಿಂದ ದೀಪದ ಸರ ಬಿಚ್ಚುತ್ತಿದ್ದವರನ್ನು ನೋಡಿಕೊಂಡು ಹಿಂದಿರುಗಿದರು. ಆ ತಪ್ಪು ನನ್ನದು, ಇವತ್ತಿಗೂ ನನ್ನನ್ನು ಬಾಧಿಸುತ್ತದೆ. ಒಂದು ತಿಂಗಳ ಮೊದಲು ಮಿರಜಿನ ಯಾವುದಾದರೂ ವಾದ್ಯದ ಅಂಗಡಿಗೆ ಫೋನ್ ಮಾಡಿ ಕೇಳಿ. ಅವರಿಗೆ ಗೊತ್ತಿರದ ಕಾರ್ಯಕ್ರಮ ಈ ಊರಿನಲ್ಲಿ ನಡೆಯುವುದಿಲ್ಲ.

ಉರುಸಿಗೆ ಬರಲಾಗದಿದ್ದರೆ ನವರಾತ್ರಿಗೆ ಬನ್ನಿ. ಅಂಬಾಬಾಯಿ ದೇವಸ್ಥಾನದಲ್ಲಿ ಸಂಗೀತೋತ್ಸವ ನಡೆಯುತ್ತದೆ. ಒಂದು ಊರು, ಒಂದು ದರ್ಗಾ, ಒಂದು ಗುಡಿ, ಎರಡರಲ್ಲೂ ಅದೇ ಮಿರಜಿನ ತಂಬೂರಿ. ಎರಡಕ್ಕೂ ಆಗದಿದ್ದರೂ ಬನ್ನಿ. ಗಲ್ಲಿಯಲ್ಲಿ ತಂಬೂರಿ ಕೂಡಿಸುವ ಸದ್ದು ಕೇಳಲು ಯಾವ ಹಬ್ಬವೂ ಬೇಕಿಲ್ಲ. ಆದರೆ ಶುಕ್ರವಾರ ಮಧ್ಯಾಹ್ನ ಬೇಡ, ನಮಾಜಿನ ಹೊತ್ತಿಗೆ ಕುಶಲಕರ್ಮಿಗಳು ಕೆಲಸ ಬಿಟ್ಟು ಹೋಗಿರುತ್ತಾರೆ.

ದಾರಿ

ಮಿರಜ ದೊಡ್ಡ ರೈಲು ಜಂಕ್ಷನ್. ಬೆಳಗಾವಿಯಿಂದ ಸುಮಾರು ಮೂರು ತಾಸು, ಕೊಲ್ಹಾಪುರದಿಂದ ಒಂದು ತಾಸು. ಬೆಂಗಳೂರು, ಹುಬ್ಬಳ್ಳಿಯವರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ಬೆಂಗಳೂರಿನಲ್ಲಿ ರಾತ್ರಿ ಹತ್ತಿದರೆ ಮರುದಿನ ಮಧ್ಯಾಹ್ನ ಇಲ್ಲಿರುತ್ತೀರಿ. ಸೊಲ್ಲಾಪುರದ ಕಡೆಯವರು ಕುರ್ಡುವಾಡಿ, ಪಂಢರಪುರದ ಮೇಲಿನಿಂದ ಬರುವ ರೈಲು ಹಿಡಿಯಬಹುದು. ಅಥಣಿಯಿಂದ ಕಾಗವಾಡದ ಮೂಲಕ ಬಸ್ಸು. ನಿಲ್ದಾಣದ ಹೊರಗೆ ಆಟೋದವರು ನಿಮ್ಮ ಮುಖ ನೋಡಿ ಆಸ್ಪತ್ರೆಯ ಹೆಸರು ಹೇಳಲು ಶುರು ಮಾಡುತ್ತಾರೆ. ‘ದರ್ಗಾ’ ಎನ್ನಿ, ಅಷ್ಟು ಸಾಕು.

ಭಾಷೆಯ ಚಿಂತೆ ಬೇಡ. ಫಲಕಗಳೆಲ್ಲ ಮರಾಠಿಯಲ್ಲಿದ್ದರೂ ಸಂತೆಗೆ ಬರುವವರಲ್ಲಿ, ಆಸ್ಪತ್ರೆಯ ಸುತ್ತಲಿನ ಅಂಗಡಿಗಳಲ್ಲಿ ಕನ್ನಡ ತಿಳಿಯುವವರು ಬೇಕಾದಷ್ಟು ಜನ. ನೀವು ಕನ್ನಡದಲ್ಲಿ ಮಾತು ತೆಗೆದರೆ ಅವರ ಮುಖ ಅರಳುವುದನ್ನು ನೋಡಿ. ಹಳೆಯ ಪೇಟೆಗಳು ಒಂದಕ್ಕೊಂದು ತಾಗಿಕೊಂಡಿವೆ. ಗಡಿಯಾರವಿರುವ ಲಕ್ಷ್ಮೀ ಮಾರ್ಕೆಟ್ ಕಟ್ಟಡವನ್ನು ಗುರುತಿಗೆ ಇಟ್ಟುಕೊಂಡು ಕಾಲ್ನಡಿಗೆಯಲ್ಲೇ ಎಲ್ಲ ಕಡೆ ತಿರುಗಬಹುದು.

ಮಧ್ಯಾಹ್ನ ಹೊಟ್ಟೆ ತುಂಬ, ರಾತ್ರಿ ಅರೆಹೊಟ್ಟೆ

ಬಂದ ದಿನ ಮಧ್ಯಾಹ್ನದ ಊಟವನ್ನು ಯಾವುದಾದರೂ ಸಣ್ಣ ಖಾನಾವಳಿಯಲ್ಲಿ ಮಾಡಿ. ಮಾರ್ಕೆಟ್ಟಿನ ಸುತ್ತ ಬೇಕಾದಷ್ಟಿವೆ. ನಾನು ಹೆಸರು ಹೇಳುವುದಿಲ್ಲ, ಗುರುತು ಹೇಳುತ್ತೇನೆ: ರೊಟ್ಟಿ ಬಡಿಯುವ ಸದ್ದು ಹೊರಗಿನವರೆಗೂ ಕೇಳಿಸಬೇಕು. ಬಿಳಿಜೋಳದ ಬಿಸಿ ರೊಟ್ಟಿ ಒಂದೊಂದಾಗಿ ತಟ್ಟೆಗೆ ಬರಬೇಕು, ಮೊದಲೇ ಬಡಿದು ಬಟ್ಟೆ ಮುಚ್ಚಿಟ್ಟದ್ದಾಗಿರಬಾರದು. ಜೊತೆಗೆ ಬದನೆಕಾಯಿ ಎಣ್ಣೆಗಾಯಿ ಇದೆಯೇ ಎಂದು ಕೇಳಿ. ಕೃಷ್ಣೆಯ ದಂಡೆಯ ಬದನೆಗೆ ಈ ಭಾಗದಲ್ಲಿ ದೊಡ್ಡ ಹೆಸರು. ಇಲ್ಲಿಯವರು ‘ಕೃಷ್ಣಾಕಾಠಚೀ ವಾಂಗೀ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ತೆಳುವಾದ ಸಿಪ್ಪೆ, ಬೀಜ ಕಡಿಮೆ, ಶೇಂಗಾ ಪುಡಿಯ ಮಸಾಲೆ ಒಳಗಿನವರೆಗೂ ಇಳಿದಿರುತ್ತದೆ. ಬೆರಳು ಒತ್ತಿದರೆ ತೊಟ್ಟಿನಿಂದ ಕಳಚಿಕೊಳ್ಳುತ್ತದೆ.

ಖರ್ಡಾ ಮರೆಯಬೇಡಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಒಂದಿಷ್ಟು ಶೇಂಗಾ, ಉಪ್ಪು, ಎಲ್ಲವನ್ನೂ ಹಂಚಿನ ಮೇಲೆ ಎಣ್ಣೆಯಲ್ಲಿ ಹುರಿದು, ಆ ಹಂಚಿನ ಮೇಲೆಯೇ ಲೋಟದ ತಳದಿಂದ ಅರೆಬರೆ ಜಜ್ಜಿದ್ದು. ನಮ್ಮ ರಂಜಕಕ್ಕೂ ಇದಕ್ಕೂ ಅಕ್ಕ ತಂಗಿಯರ ಸಂಬಂಧ. ಮೇಲೆ ಗಟ್ಟಿ ಮೊಸರು. ಚಳಿಗಾಲದಲ್ಲಿ ಬಂದರೆ ರಸ್ತೆಯ ಬದಿಯಲ್ಲಿ ಸೀತನಿ ಸಿಗುತ್ತದೆ, ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಕಾಳು. ಅದಕ್ಕೆ ಶೇಂಗಾ ಚಟ್ನಿ ಸೇರಿಸಿಕೊಂಡು ತಿಂದರೆ ಸಂಜೆಯವರೆಗೆ ಬೇರೇನೂ ಬೇಡ.

ರಾತ್ರಿ ಬೈಠಕ್ಕಿಗೆ ಕೂರುವವರು ಹಗುರವಾಗಿ ತಿನ್ನಿ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ದರ್ಗಾದ ಸುತ್ತಲಿನ ಹೋಟೆಲುಗಳಲ್ಲಿ ಕೆಂಪು ರಸ್ಸಾ, ಬಿಳಿ ರಸ್ಸಾ, ಬಿರಿಯಾನಿ ಬಹಳ ಚೆನ್ನಾಗಿರುತ್ತವೆ. ಒಂದು ವರ್ಷ ಅಲ್ಲಿ ಹೊಟ್ಟೆ ಬಿರಿಯುವಷ್ಟು ಉಂಡು ಹೋಗಿ ಕುಳಿತೆ. ನಡುರಾತ್ರಿ ಕಳೆದ ಮೇಲೆ ಕಂಬಕ್ಕೆ ಒರಗಿದವನಿಗೆ ಎಚ್ಚರವಾದದ್ದು ಕೊನೆಯ ರಾಗವಾದ ಭೈರವಿ ಮುಗಿದು ಜನ ಚಾದರ ಕೊಡವುತ್ತಿದ್ದಾಗ. ಆ ದಿನ ಹಾಡಿದ ಹಿರಿಯರನ್ನು ಮತ್ತೆ ಕೇಳುವ ಅವಕಾಶ ನನಗೆ ಒದಗಲಿಲ್ಲ. ಮಾಂಸದೂಟ ಬೇಕೆಂದಿದ್ದರೆ ಮಧ್ಯಾಹ್ನವೇ ಮುಗಿಸಿ. ರಾತ್ರಿಗೆ ಒಂದು ಪೊಟ್ಟಣ ಭಡಂಗ್ ಸಾಕು. ಸಾಂಗಲಿ, ಜಯಸಿಂಗಪುರದ ಹೆಸರಾದ ತಿಂಡಿ ಇದು: ಚುರುಮುರಿಗೆ ಬೆಳ್ಳುಳ್ಳಿ, ಒಣಮೆಣಸು, ಶೇಂಗಾ, ಕರಿಬೇವಿನ ಒಗ್ಗರಣೆ. ಆದರೆ ಒಂದು ಮಾತು, ಹಾಡು ನಡೆಯುವಾಗ ಕುರುಕುರು ಸದ್ದು ಮಾಡಬೇಡಿ. ಎರಡು ಹಾಡಿನ ನಡುವೆ ಎದ್ದು ಹೊರಗೆ ಹೋಗಿ ಚಹಾದ ಜೊತೆ ತಿನ್ನಿ.

ಸತಾರಮೇಕರ್ ಗಲ್ಲಿ

ಊಟ ಮುಗಿಸಿ ಬಿಸಿಲು ಇಳಿಯುವ ಹೊತ್ತಿಗೆ ಇಲ್ಲಿಗೆ ಬನ್ನಿ. ನನ್ನ ಮಟ್ಟಿಗೆ ಇಡೀ ಪ್ರವಾಸದ ತಿರುಳು ಈ ಗಲ್ಲಿ. ರಾತ್ರಿ ವೇದಿಕೆಯ ಮೇಲೆ ಕೇಳುವ ನಾದ ಇಲ್ಲಿ ಬುರುಡೆ, ಮರ, ತಂತಿ, ನೂಲುಗಳಾಗಿ ಬಿಡಿಬಿಡಿಯಾಗಿ ಬಿದ್ದಿರುತ್ತದೆ. ಅದನ್ನು ನೋಡದೆ ನೇರವಾಗಿ ಬೈಠಕ್ಕಿಗೆ ಹೋಗುವವರು ಅರ್ಧವನ್ನಷ್ಟೇ ಕೇಳುತ್ತಾರೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

19ನೇ ಶತಮಾನದ ನಡುಭಾಗದಲ್ಲಿ ಫರೀದ್ ಸಾಹೇಬ್ ಎಂಬವರು ಇಲ್ಲಿ ತಂತಿವಾದ್ಯ ಮಾಡುವ ಕೆಲಸ ಆರಂಭಿಸಿದರು. ಅವರ ಮನೆತನ ಶಿಕಲಗಾರರದು, ಕತ್ತಿ ಆಯುಧಗಳಿಗೆ ಸಾಣೆ ಹಿಡಿಯುವ ಕಸುಬು. ಆಯುಧಗಳ ಕಾಲ ಮುಗಿಯುತ್ತ ಬಂದಿತ್ತು. ಮಿರಜಿನ ಸಂಸ್ಥಾನಿಕರಾದ ಪಟವರ್ಧನರಿಗೆ ಸಂಗೀತದ ಮೇಲೆ ಪ್ರೀತಿ ಇದ್ದುದರಿಂದ ಗಾಯಕರು ಬಂದು ನೆಲೆಸುತ್ತಿದ್ದರು. ಅವರ ವಾದ್ಯಗಳನ್ನು ದುರಸ್ತಿ ಮಾಡುವ ಕೈ ಊರಿಗೆ ಬೇಕಾಗಿತ್ತು. ಕತ್ತಿಯ ಅಲಗನ್ನು ಕೂದಲೆಳೆಯಷ್ಟು ಉಜ್ಜಿ ಗೊತ್ತಿದ್ದ ಕೈಗಳೇ ತಂಬೂರಿಯ ಕುದುರೆಯನ್ನು, ಅಂದರೆ ತಂತಿಗಳನ್ನು ಹೊರುವ ಪಟ್ಟಿಯನ್ನು, ಉಜ್ಜಲು ಕಲಿತವು. ಆ ಕಸುಬು ಮೊಮ್ಮಕ್ಕಳು ಮರಿಮಕ್ಕಳಿಗೆ ಹಬ್ಬಿ ‘ಸತಾರಮೇಕರ್’ ಎಂಬುದೇ ಮನೆತನದ ಹೆಸರಾಯಿತು. 2024ರಲ್ಲಿ ಮಿರಜಿನ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಗಲ್ಲಿಯಲ್ಲಿ ಆ ಮಾತು ತೆಗೆದರೆ ಸಂತೋಷ ಪಡುತ್ತಾರೆ, ಮರುಕ್ಷಣವೇ ಎಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೆ ಬೇಡಿಕೆ ಇಳಿದದ್ದನ್ನೂ ಹೇಳುತ್ತಾರೆ.

ನಮ್ಮ ದಕ್ಷಿಣದ ತಂಜಾವೂರು ತಂಬೂರಿಯ ಕೊಡ ಹಲಸಿನ ಮರದ್ದು. ಮಿರಜಿನದು ಸೋರೆ ಬುರುಡೆ. ಈ ದೊಡ್ಡ ಬುರುಡೆಗಳು ಪಂಢರಪುರದ ಕಡೆಯಿಂದ, ಭೀಮಾ ನದಿಯ ದಂಡೆಯ ಹೊಲಗಳಿಂದ ಬರುತ್ತವೆ. ವಿಠ್ಠಲನ ಊರಿನ ಮಣ್ಣಿನಲ್ಲಿ ಬೆಳೆದ ಕಾಯಿ ಮೀರಾಸಾಹೇಬರ ಊರಿನಲ್ಲಿ ಒಣಗಿ ದನಿಯಾಗುತ್ತದೆ. ತಿಂಗಳುಗಟ್ಟಲೆ ಒಣಗಿದ ಬುರುಡೆಯನ್ನು ಕೊಯ್ದು, ಒಳಗನ್ನು ಸ್ವಚ್ಛಗೊಳಿಸಿ, ಆಕಾರಕ್ಕೆ ತಂದು, ಹಗುರವಾದ ಕೆಂಪು ಮರದ ದಂಡಿಗೆ ಜೋಡಿಸುತ್ತಾರೆ. ಬುರುಡೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಆರಿಸುವುದನ್ನು ನೋಡಿ. ಸಂತೆಯಲ್ಲಿ ಕಲ್ಲಂಗಡಿ ಆರಿಸುವ ಹೆಂಗಸರ ನೆನಪು ಬರುತ್ತದೆ.

ಒಳಗೆ ಹೋಗುವಾಗ ಚಪ್ಪಲಿ ಬಿಡಿ. ಫೋಟೊ ತೆಗೆಯುವ ಮೊದಲು ಕೇಳಿ. ಹಿರಿಯರನ್ನು ‘ಚಾಚಾ’ ಎಂದು ಕರೆದರೆ ಸರಿಯಾಗುತ್ತದೆ. ನಾನು ಮೊದಲ ಸಲ ಹೋದಾಗ ಆ ಮುದುಕರು ತಲೆ ಎತ್ತದೆ ಕೇಳಿದ್ದು, ‘ಕೇಳಲಿಕ್ಕೆ ಬಂದಿದ್ದೀರೋ, ಕೊಳ್ಳಲಿಕ್ಕೆ ಬಂದಿದ್ದೀರೋ?’ ಎಂದು. ‘ಕೇಳಲಿಕ್ಕೆ, ಚಾಚಾ’ ಎಂದೆ. ‘ಹಾಗಾದರೆ ಕೂರಿ’ ಎಂದರು. ಕೊಳ್ಳಲು ಬಂದಿದ್ದೇನೆ ಎಂದಿದ್ದರೆ ಮಗನನ್ನು ಕರೆಯುತ್ತಿದ್ದರು. ನೀವೂ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಜವಾರಿ ತೆಗೆಯುವುದನ್ನು, ಅಂದರೆ ತಂತಿಗೆ ಝೇಂಕಾರ ತರಿಸುವುದನ್ನು, ಮಾತ್ರ ತಪ್ಪದೆ ನೋಡಿ. ತಂಬೂರಿಯ ನಾಲ್ಕು ತಂತಿಗಳೂ ಕುದುರೆಯ ಅಗಲವಾದ ಬೆನ್ನಿನ ಮೇಲೆ ಹಾದುಹೋಗುತ್ತವೆ. ಆ ಬೆನ್ನು ಕಣ್ಣಿಗೆ ಸಮತಟ್ಟಾಗಿ ಕಂಡರೂ ತುಸು ಇಳಿಜಾರಾಗಿರುತ್ತದೆ. ಅದನ್ನು ಅರದಿಂದ ಉಜ್ಜುತ್ತ, ನಿಲ್ಲಿಸುತ್ತ, ಮೀಟುತ್ತ, ಮತ್ತೆ ಉಜ್ಜುತ್ತಾರೆ. ಕೊನೆಗೆ ಪ್ರತಿ ತಂತಿಯ ಕೆಳಗೆ ಒಂದೊಂದು ಎಳೆ ಹತ್ತಿಯ ನೂಲು ತೂರಿಸುತ್ತಾರೆ. ಚಾಚಾ ನನ್ನನ್ನು ಹತ್ತಿರ ಕರೆದು ಕಿವಿಯನ್ನು ಬುರುಡೆಗೆ ಹಚ್ಚಿ ಕೂರಲು ಹೇಳಿದರು. ಮೊದಲು ಮೀಟಿದಾಗ ಮರದ ಪೆಟ್ಟಿಗೆ ಬಡಿದಂಥ ಮಂಕು ಸದ್ದು. ಹೆಬ್ಬೆರಳಿನ ಉಗುರಿನಿಂದ ನೂಲನ್ನು ಒಂದು ಕೂದಲಿನಷ್ಟು ಮುಂದೆ ತಳ್ಳಿದರು. ಅದೇ ಮಂಕು. ಇನ್ನೊಂದು ಕೂದಲು. ಆಗ ತಂತಿ ಬಾಯಿ ಬಿಟ್ಟಿತು. ಜೇನುಗೂಡಿನಂಥ ಝೇಂಕಾರ ತಳದಿಂದ ಎದ್ದು ಮೇಲೆ ಮೇಲೆ ಏರಿತು. ‘ಈಗ ಖರ್ಜದ ತಂತಿಯನ್ನು ಕೇಳಿ, ಅದರೊಳಗೆ ಇನ್ನೊಬ್ಬರು ಹಾಡುತ್ತಿದ್ದಾರೆ’ ಎಂದರು. ತುಸು ಹೊತ್ತು ಏನೂ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಖರ್ಜದ, ಅಂದರೆ ಕೆಳಗಿನ ‘ಸ’ ಆದ ಮಂದ್ರ ಷಡ್ಜದ ಮೇಲೆ, ಬಲು ಮೇಲೆ, ಒಂದು ಗಾಂಧಾರ, ‘ಗ’ ಸ್ವರ, ತೇಲುತ್ತಿತ್ತು. ನಾಲ್ಕರಲ್ಲಿ ಯಾವ ತಂತಿಯನ್ನೂ ಗಾಂಧಾರಕ್ಕೆ ಕೂಡಿಸಿರಲಿಲ್ಲ. ಪಂಚಮ, ಎರಡು ಷಡ್ಜ, ಕೆಳಗಿನ ಖರ್ಜ, ಇಷ್ಟೇ ಇದ್ದದ್ದು. ಆ ಸ್ವರವನ್ನು ಅದು ತಾನಾಗಿಯೇ ಹುಟ್ಟುವುದರಿಂದ ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಮಲಗಿದ್ದ ಅಪ್ಪನಿಗೆ ಆ ರಾತ್ರಿ ಇದನ್ನು ಹೇಳಲು ಹೋಗಿ ಮಾತು ಸಿಗದೆ ಸುಮ್ಮನಾದೆ.

ಕೊಳ್ಳುವವರಿಗೆ ಎರಡು ಮಾತು. ನಿಮ್ಮ ಶ್ರುತಿ ಯಾವುದೆಂದು ತಿಳಿದುಕೊಂಡು ಬನ್ನಿ. ಸಾಮಾನ್ಯವಾಗಿ ಗಂಡು ದನಿಗೆ ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಆಸುಪಾಸು, ಹೆಣ್ಣು ದನಿಗೆ ಕಾಳಿ ನಾಲ್ಕು ಐದು. ಬುರುಡೆಯ ಗಾತ್ರ, ದಂಡಿಯ ಉದ್ದ, ತಂತಿಯ ದಪ್ಪ ಎಲ್ಲವೂ ಅದರ ಮೇಲೆ ನಿಲ್ಲುತ್ತವೆ. ಕಣ್ಣಿಗೆ ಹೊಳೆಯುವ ಚಿತ್ತಾರ ನೋಡಿ ಮರುಳಾಗಬೇಡಿ, ಕಣ್ಣು ಮುಚ್ಚಿ ಕೇಳಿ. ಒಂದೇ ಅಂಗಡಿಯಲ್ಲಿ ನಾಲ್ಕಾರು ತಂಬೂರಿ ಮೀಟಿಸಿ ನೋಡಿ. ಚೌಕಾಸಿ ಮಾಡುವ ಮುನ್ನ ಆ ಉಗುರನ್ನು ನೆನಪಿಸಿಕೊಳ್ಳಿ.

ದರ್ಗಾ

ಗಲ್ಲಿಯಿಂದ ದರ್ಗಾಕ್ಕೆ ನಡೆದೇ ಹೋಗಬಹುದು. ತಲೆಗೆ ಟೊಪ್ಪಿಗೆ ಅಥವಾ ಕರವಸ್ತ್ರ, ಹೆಂಗಸರಾದರೆ ಸೆರಗು. ಒಳಗಿನ ಕೋಣೆಯವರೆಗೆ ಹೆಂಗಸರು ಹೋಗಬಹುದೇ ಎಂಬುದನ್ನು ಬಾಗಿಲಲ್ಲಿ ಇರುವವರನ್ನು ಕೇಳಿ ಮುಂದುವರಿಯಿರಿ. ಗುರುವಾರ ಸಂಜೆ ಜನ ಹೆಚ್ಚು. ಉರುಸಿನ ಸಮಯದಲ್ಲಾದರೆ ಗಲೇಫ್, ಅಂದರೆ ಗೋರಿಗೆ ಹೊದಿಸುವ ಬಟ್ಟೆ, ಅರ್ಪಿಸುವುದನ್ನು ನೋಡಬಹುದು. ಮೊದಲ ಗಲೇಫಿನ ಮಾನ ಇಲ್ಲಿ ಚರ್ಮಕಾರ ಸಮಾಜದ್ದು, ಅದು ನಡೆದ ಮೇಲೆಯೇ ಉಳಿದವರದು. ಊರಿನ ಈ ಪದ್ಧತಿಯ ಬಗ್ಗೆ ನನಗೆ ಬಹಳ ಗೌರವವಿದೆ.

ಆವರಣದಲ್ಲಿಯೇ ಅಬ್ದುಲ್ ಕರೀಂ ಖಾನರ ಗೋರಿ ಇದೆ. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದವರು ಇಲ್ಲಿಗೇಕೆ ಬಂದರು? ಊರಿನವರು ಹೇಳುವ ಕಥೆ ಹೀಗಿದೆ: ಪ್ಲೇಗಿನ ಕಾಲದಲ್ಲಿ ಖಾನ್ ಸಾಹೇಬರಿಗೂ ರೋಗ ತಗಲಿತು, ದರ್ಗಾದ ಮುಂದೆ ಕುಳಿತು ಹಾಡಿದರು, ಗುಣವಾಯಿತು. ಆಮೇಲೆ ಮಿರಜವೇ ಅವರ ಮನೆಯಾಯಿತು. ವಾದ್ಯ ಬಿಚ್ಚಿ ಜೋಡಿಸುವುದರಲ್ಲಿ ಅವರ ಕೈ ಪಳಗಿತ್ತು. ಸಾಂಗಲಿಯ ಕೆ.ಬಿ. ದೇವಲ್ ಅವರ 22 ಶ್ರುತಿಗಳ (ಸೂಕ್ಷ್ಮ ಸ್ವರಾಂತರಗಳ) ಶೋಧನೆಗೂ ಅವರ ಕಂಠವೇ ಆಧಾರವಾಯಿತು. ಮೈಸೂರಿನ ಆಸ್ಥಾನದಲ್ಲಿ ಹಾಡಿದವರು, ಕರ್ನಾಟಕ ಸಂಗೀತಕ್ಕೆ ಮನಸೋತು ತ್ಯಾಗರಾಜರ ಕೃತಿಯನ್ನು ಧ್ವನಿಮುದ್ರಿಸಿದವರು. ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿಯವರ ಹಾಡುಗಾರಿಕೆ ಕೇಳಲು ಧಾರವಾಡದ ಅವರ ಮನೆಗೆ ಹೋಗಿ ಕೂರುತ್ತಿದ್ದರು.

1937ರ ಅಕ್ಟೋಬರಿನಲ್ಲಿ ಮದ್ರಾಸಿನಿಂದ ಪುದುಚೇರಿಗೆ ರೈಲಿನಲ್ಲಿ ಹೋಗುವಾಗ ಅವರಿಗೆ ಅಸ್ವಸ್ಥವಾಯಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಡಿಸಿ, ತಂಬೂರಿ ಕೂಡಿಸಿ, ದರಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತ ಪ್ರಾಣ ಬಿಟ್ಟರು. ಅಷ್ಟು ದೂರದಿಂದ ದೇಹವನ್ನು ತಂದು ಇಲ್ಲಿ ಮಣ್ಣು ಮಾಡಿದರು.

ಕನ್ನಡಿಗರು ಈ ಗೋರಿಯ ಮುಂದೆ ಒಂದು ನಿಮಿಷ ಹೆಚ್ಚಿಗೆ ನಿಲ್ಲಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಖಾನ್ ಸಾಹೇಬರ ಶಿಷ್ಯರು. ಗಂಗೂಬಾಯಿ, ಭೀಮಸೇನ ಜೋಶಿ ಇಬ್ಬರೂ ಸವಾಯಿ ಗಂಧರ್ವರ ಶಿಷ್ಯರು. ಹುಬ್ಬಳ್ಳಿ ಧಾರವಾಡದ ಗಾಯಕಿ ಎಂದು ನಾವು ಎದೆ ಉಬ್ಬಿಸಿ ಹೇಳಿಕೊಳ್ಳುವುದರ ಒಂದು ದೊಡ್ಡ ಹೊಳೆ ಇಲ್ಲಿಂದಲೇ ಹರಿದು ಬಂದದ್ದು. 1905ರಲ್ಲಿ ಹುಟ್ಟಿದ ಹೀರಾಬಾಯಿ ಬಡೋದೇಕರ್ ಖಾನ್ ಸಾಹೇಬರ ಮಗಳು, ಹುಟ್ಟಿದ್ದೂ ಮಿರಜಿನಲ್ಲಿ. ಕೊಡುಕೊಳೆ ಎರಡೂ ದಿಕ್ಕಿಗೆ ನಡೆದಿದೆ. ಪಕ್ಕದ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ಮೊದಲ ಮರಾಠಿ ನಾಟಕ ಆಡಿಸಿದರಲ್ಲ, ಅದಕ್ಕೆ ಪ್ರೇರಣೆ ಹೊನ್ನಾವರದ ಹತ್ತಿರದ ಕರ್ಕಿಯಿಂದ ಬಂದು ಆಡಿಹೋದ ಯಕ್ಷಗಾನದ ಮೇಳ.

ರಾತ್ರಿ

ಬರುವಾಗ ಒಂದು ಚಾದರ, ಒಂದು ಶಾಲು, ನೀರಿನ ಬಾಟಲಿ. ನೆಲದ ಮೇಲೆ ಕೂರುವ ಅಭ್ಯಾಸವಿಲ್ಲದವರು ಗೋಡೆಯ ಪಕ್ಕದ ಜಾಗ ಹಿಡಿಯಲು ಬೇಗ ಹೋಗಬೇಕು. ಧ್ವನಿವರ್ಧಕದ ಎದುರಿಗೆ ಕೂರಬೇಡಿ. ವೇದಿಕೆಯ ಒಂದು ಬದಿಗೆ, ತಂಬೂರಿ ಹಿಡಿದವರ ಬೆರಳು ಕಾಣುವ ಕಡೆ ಕುಳಿತರೆ ಸಂಜೆ ಗಲ್ಲಿಯಲ್ಲಿ ಕೇಳಿದ್ದೆಲ್ಲ ಕೈಗೂಡುತ್ತದೆ. ಮೊದಲು ಎಳೆಯರು ಹಾಡುತ್ತಾರೆ, ರಾತ್ರಿ ಬೆಳೆದಂತೆ ಹಿರಿಯರು. ಎಳೆಯರನ್ನು ಬಿಟ್ಟು ತಡವಾಗಿ ಬರುವುದು ದೊಡ್ಡ ನಷ್ಟ. ಕೈ ನಡುಗುತ್ತಾ ತಂಬೂರಿ ಹಿಡಿದ ಹುಡುಗಿಯೊಬ್ಬಳು ಮೂರನೆಯ ಆವರ್ತನದ ಹೊತ್ತಿಗೆ ಭಯ ಮರೆತು ಯಮನ್ ರಾಗದೊಳಗೆ ಇಳಿದದ್ದನ್ನು ನಾನು ಇಲ್ಲಿಯೇ ನೋಡಿದ್ದೇನೆ.

ಕಿರಾನಾ ಗಾಯನ ಮೊದಲ ಸಲ ಕೇಳುವವರಿಗೆ ನಿಧಾನ ಎನಿಸಬಹುದು. ವಿಲಂಬಿತ ಖಯಾಲಿನಲ್ಲಿ ಗಾಯಕರು ಒಂದೊಂದೇ ಸ್ವರವನ್ನು ಹಿಡಿದು ನಿಲ್ಲುತ್ತಾರೆ, ಅದರ ಸುತ್ತ ಸುತ್ತುತ್ತಾರೆ, ಮುಂದಿನ ಸ್ವರವನ್ನು ತೋರಿಸಿಯೂ ತೋರಿಸದಂತೆ ಹಿಂದಕ್ಕೆ ಬರುತ್ತಾರೆ. ಸಾಹಿತ್ಯದ ಅರ್ಥ ಹುಡುಕಲು ಹೋಗಬೇಡಿ. ಷಡ್ಜದಿಂದ ಎಷ್ಟು ಮೇಲೆ ಹತ್ತಿದರು ಎಂಬುದನ್ನಷ್ಟೇ ಗಮನಿಸಿ. ಅರ್ಧ ತಾಸಿನ ಮೇಲೆ ತಾರ ಷಡ್ಜ ಮುಟ್ಟುವಾಗ ಇಡೀ ಅಂಗಳ ಒಟ್ಟಿಗೆ ಉಸಿರು ಬಿಡುತ್ತದೆ, ನಿಮ್ಮದೂ ಅದರಲ್ಲಿರುತ್ತದೆ. ಮೆಚ್ಚುಗೆಗೆ ‘ಕ್ಯಾ ಬಾತ್’, ‘ವಾಹ್’ ಎನ್ನುವುದು ಇಲ್ಲಿಯ ರೂಢಿ. ಚಪ್ಪಾಳೆ ಹಾಡು ಮುಗಿದ ಮೇಲೆ. ಆಲಾಪದ ನಡುವೆ ಎದ್ದು ಹೋಗಬೇಡಿ. ಮೊಬೈಲಿನ ಬೆಳಕು ಗಾಯಕರ ಮುಖಕ್ಕೆ ಬೀಳದಿರಲಿ. ಮಕ್ಕಳನ್ನು ಕರೆತನ್ನಿ, ಚಾದರದ ಮೇಲೆ ಮಲಗಿಸಿ. ನಿದ್ದೆಯಲ್ಲಿ ಕೇಳಿದ್ದೂ ಮಕ್ಕಳ ಕಿವಿಯಲ್ಲಿ ಉಳಿಯುತ್ತದೆ, ನನ್ನ ಮಗಳಿಗೆ ಉಳಿದಿದೆ.

ಕಡೆಗೆ ಭೈರವಿ. ಅದನ್ನು ಬಿಟ್ಟು ಹೋಗಬೇಡಿ.

ಮರುದಿನ

ಬೆಳಿಗ್ಗೆ ಮೊದಲು ಬಿಸಿ ಚಹಾ, ಆಮೇಲೆ ಮಿಸಳ್ ಅಥವಾ ಕಟ್-ವಡಾ. ಖಾರ ತಡೆಯದವರು ಅವಲಕ್ಕಿ ಕೇಳಿ. ಮೂರ್ನಾಲ್ಕು ತಾಸು ಮಲಗಿ ಎದ್ದು, ಸಮಯವಿದ್ದರೆ ನರಸೋಬಾವಾಡಿಗೆ ಹೋಗಿ ಬನ್ನಿ. ಕೃಷ್ಣೆ ಮತ್ತು ಪಂಚಗಂಗೆ ಕೂಡುವ ಜಾಗ, ದತ್ತನ ಕ್ಷೇತ್ರ, ನಮ್ಮ ಕಡೆಯ ಭಕ್ತರಿಗೆ ಹೊಸದಲ್ಲ. ಅಲ್ಲಿಯ ಬಾಸುಂದಿ, ಪೇಡಾ, ಬೇಲದ ಹಣ್ಣಿನ ಬರ್ಫಿ ಮೂರೂ ಚೆನ್ನ. ಬಾಸುಂದಿಯನ್ನು ಅಲ್ಲಿಯೇ ಕುಳಿತು ಕುಡಿಯುವುದು ಮೇಲು, ಬಿಸಿಲಿನಲ್ಲಿ ದೂರದ ಊರಿಗೆ ಒಯ್ಯಲು ಬರುವುದಿಲ್ಲ. ಬರ್ಫಿ ಎಷ್ಟು ದೂರಕ್ಕಾದರೂ ಒಯ್ಯಬಹುದು. ಪಕ್ಕದ ಕುರುಂದವಾಡ ವಿಷ್ಣು ದಿಗಂಬರ ಪಲುಸ್ಕರರು ಹುಟ್ಟಿದ ಊರು. ಅವರು ಹಾಡು ಕಲಿತದ್ದು ಮಿರಜಿನಲ್ಲಿ, ಬಾಳಕೃಷ್ಣಬುವಾ ಇಚಲಕರಂಜೀಕರರ ಬಳಿ.

ತಂಬೂರಿ ಕೊಂಡಿದ್ದರೆ ಹಿಂದಿರುಗುವ ದಾರಿಯಲ್ಲಿ ಅದನ್ನು ಲಗೇಜಿನ ಹಲಗೆಯ ಮೇಲೆ ಇಡಬೇಡಿ. ಬುರುಡೆ ಮೊಟ್ಟೆಯ ಸಿಪ್ಪೆಯಂತೆ. ಒಂದು ಸೂಟ್‌ಕೇಸ್ ಜಾರಿ ಬಿದ್ದರೆ ತಿಂಗಳುಗಳ ಕೆಲಸ ಹೋಯಿತು. ತಂತಿಗಳನ್ನು ತುಸು ಸಡಿಲಿಸಿ, ಪೂರ್ತಿ ಇಳಿಸಬೇಡಿ. ಕಿಟಕಿಯ ಪಕ್ಕ ಕುಳಿತು, ಬುರುಡೆಯನ್ನು ತೊಡೆಯ ಮೇಲಿಟ್ಟು, ದಂಡಿಯನ್ನು ಭುಜಕ್ಕೆ ಒರಗಿಸಿಕೊಳ್ಳಿ. ಉಗಾರ ದಾಟಿದ ಮೇಲೆ ಕುಡಚಿಗೆ ಮೊದಲು ರೈಲು ಕೃಷ್ಣೆಯ ಸೇತುವೆಯ ಮೇಲೆ ಹೋಗುತ್ತದೆ. ಆಗ ಗವಸಿನ ಮೇಲೆಯೇ ಕಿವಿ ಹಚ್ಚಿ. ಗಾಲಿಯ ಸದ್ದಿಗೆ ಒಳಗಿನ ತಂತಿಗಳು ತಾವಾಗಿಯೇ ಮಿಡಿಯುತ್ತಿರುತ್ತವೆ.